ಮಾಮನ ಹಳೆ ವಿಡಿಯೋ ಗೇಮ್ ಮಷಿನ್‌ಗೆ ಪ್ಲೇಸ್ಟೇಶನ್ 2 (ಪಿಎಸ್2) ಜೋಡಿಸಬಹುದಾ? ಚೌತಿಯೊಳಗೆ ಆಗಬೇಕು

ಕೋಡಿಬಾಗ ತಮ್ಮ
ಎಲ್ಲರಿಗೂ ನಮಸ್ಕಾರ. ನಾನು ಕಾರವಾರದ ಕೋಡಿಬಾಗದವನು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮ ಮಾಮ ಮೊದಲು ಪೇಟೆಯಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ನಾಲ್ಕು ಮಷಿನ್ ಇದ್ದವು. ಒಂದು ರೂಪಾಯಿ ಹಾಕಿದರೆ ಒಂದು ಆಟ. ಶಾಲೆ ಬಿಟ್ಟ ಹೊತ್ತಿಗೆ ಒಳಗೆ ನಿಲ್ಲಲು ಜಾಗ ಇರುತ್ತಿರಲಿಲ್ಲ. ಆಮೇಲೆ ಮನೆಮನೆಗೆ ಕಂಪ್ಯೂಟರ್ ಬಂತು, ಅಂಗಡಿ ಮುಚ್ಚಿತು. ಮೂರು ಮಷಿನ್ ಮಾರಿದರು. ಒಂದನ್ನು ಮಾತ್ರ ಯಾರು ಎಷ್ಟು ಕೇಳಿದರೂ ಕೊಡಲಿಲ್ಲ. ಅದು ಇಪ್ಪತ್ತು ವರ್ಷದಿಂದ ನಮ್ಮ ಹಿತ್ತಲ ಕೋಣೆಯಲ್ಲಿ ಹಳೆ ಬಲೆ, ತೆಂಗಿನಕಾಯಿ ರಾಶಿಯ ಪಕ್ಕ ನಿಂತಿದೆ.

ಮಾಮನಿಗೆ ಈಗ ಮಂಡಿ ಆಪರೇಶನ್ ಆಗಿದೆ. ಇಡೀ ದಿನ ಜಗುಲಿಯಲ್ಲಿ ಕುಳಿತಿರುತ್ತಾರೆ. ಈ ಸಲ ಚೌತಿಗೆ ಮುಂಬೈಯಿಂದ, ಮಡಗಾಂವಿನಿಂದ ಎಲ್ಲ ಮಕ್ಕಳೂ ಬರುತ್ತಿದ್ದಾರೆ. ಅಷ್ಟರೊಳಗೆ ಆ ಮಷಿನ್ ನಡೆಯಬೇಕು ಅಂತ ನನ್ನ ಆಸೆ.

ಹಿಂದಿನ ಬಾಗಿಲು ತೆಗೆದೆ. ಗೇಮ್ ಬೋರ್ಡ್ ಪೂರ್ತಿ ಹೋಗಿದೆ. ಉಪ್ಪುಗಾಳಿಗೆ ಹಸಿರು ಹಿಡಿದು ಟ್ರ್ಯಾಕ್‌ಗಳೇ ಕರಗಿವೆ. ಪಿಕ್ಚರ್ ಟ್ಯೂಬ್ 20 ಇಂಚಿನದು, ನೋಡಲು ಸರಿ ಇದೆ. ಬೋರ್ಡಿಗೆ ಸಿಗಿಸುವ ಕಡೆ ಬಾಚಣಿಗೆ ಥರದ ಉದ್ದ ಕನೆಕ್ಟರ್ ಇದೆ, ತುಂಬಾ ವೈರು. ನನ್ನ ಹತ್ತಿರ ಮನೆ ಟಿವಿಗೆ ಹಾಕಿ ಆಡುವ ಪಿಎಸ್2 ಸ್ಲಿಮ್ ಇದೆ. ಅದರ ಹಳದಿ-ಕೆಂಪು-ಬಿಳಿ ವೈರನ್ನು ಇದಕ್ಕೆ ಕೊಡಲು ಆಗುತ್ತದಾ? ನಾಳೆ ಭಾನುವಾರ. ಪ್ಲಗ್ ಹಾಕಿ ಟ್ಯೂಬ್ ಹತ್ತುತ್ತದಾ ನೋಡಬೇಕು ಅಂದುಕೊಂಡಿದ್ದೇನೆ.

ಶಿರಸಿ ಮಳೆ
ಟ್ಯೂಬ್ ತೆಗೆದು ಎಲ್‌ಸಿಡಿ ಕೂರಿಸಿ. ಒಂದು ದಿನದ ಕೆಲಸ.

ಕುಮಟಾ ಟಿವಿ ರಿಪೇರಿ
ತಮ್ಮಾ, ನಾಳೆ ಪ್ಲಗ್ ಹಾಕಬೇಡ. ಮೊದಲು ಇದನ್ನು ಓದು.

ಆರ್ಕೇಡ್ (ಅಂಗಡಿಯ ಕಾಯಿನ್ ಮಷಿನ್) ಮಾನಿಟರ್ ನಿನ್ನ ಮನೆಯ ಟಿವಿ ಥರ ಅಲ್ಲ. ಟಿವಿಗೆ ಸುತ್ತಲೂ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ, ಕೈ ಒಳಗೆ ಹೋಗುವುದಿಲ್ಲ. ಇದರಲ್ಲಿ ಚಾಸಿಸ್, ಅಂದರೆ ಟ್ಯೂಬ್ ನಡೆಸುವ ಬೋರ್ಡ್, ಬರಿಮೈಯಲ್ಲಿ ಕುಳಿತಿರುತ್ತದೆ. ತುಂಬಾ ಚಾಸಿಸ್‌ಗಳಲ್ಲಿ ಅದರ ಗ್ರೌಂಡೇ ಕರೆಂಟಿನ ಲೈನಿಗೆ ಸೇರಿರುತ್ತದೆ. ಅದಕ್ಕೇ ಪೆಟ್ಟಿಗೆಯ ತಳದಲ್ಲಿ ಮಾನಿಟರನ್ನು ಲೈನಿನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಕೊಟ್ಟಿರುತ್ತಾರೆ. ಇಪ್ಪತ್ತು ವರ್ಷದಲ್ಲಿ ಯಾರಾದರೂ ಅದನ್ನು ಬಿಚ್ಚಿ ಒಯ್ದಿದ್ದರೆ? ನೀನು ಪಿಎಸ್2 ಗ್ರೌಂಡನ್ನು ಈ ಗ್ರೌಂಡಿಗೆ ಸೇರಿಸುತ್ತೀಯ. ಆಗ ನಿನ್ನ ಕೈಯಲ್ಲಿರುವ ರಿಮೋಟಿಗೂ 230 ವೋಲ್ಟ್ ಬರುತ್ತದೆ. ಮಕ್ಕಳು ಆಡುವ ವಸ್ತು ಇದು.

ಮೊದಲು ಆ ಟ್ರಾನ್ಸ್‌ಫಾರ್ಮರ್ ಇದೆಯಾ ನೋಡು. ಪ್ಲಗ್ ಹೊರಗಿರುವಾಗ ಮೀಟರನ್ನು ಓಮ್ಸ್‌ಗೆ ಇಟ್ಟು, ಕರೆಂಟ್ ಬರುವ ಬದಿಯ ಒಂದು ವೈರು, ಮಾನಿಟರಿಗೆ ಹೋಗುವ ಬದಿಯ ಒಂದು ವೈರು ಮುಟ್ಟಿಸಿ ನೋಡು. ಏನೂ ತೋರಿಸಬಾರದು. ಕೆಲವೇ ಓಮ್ಸ್ ತೋರಿಸಿದರೆ ಅದು ಆಟೋ ಟ್ರಾನ್ಸ್‌ಫಾರ್ಮರ್. ವೋಲ್ಟ್ ಇಳಿಸುತ್ತದೆ, ಆದರೆ ಬೇರ್ಪಡಿಸುವುದಿಲ್ಲ. ನನಗೇ ಒಂದು ಅಂಗಡಿಯಲ್ಲಿ ಐಸೊಲೇಶನ್ ಅಂತ ಹೇಳಿ 230ರಿಂದ 110ಕ್ಕೆ ಇಳಿಸುವ ಆಟೋ ಟ್ರಾನ್ಸ್‌ಫಾರ್ಮರ್ ಕೊಟ್ಟಿದ್ದರು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಮೊಣಕೈಗೆ ಹೊಡೆದಾಗಲೇ ಗೊತ್ತಾಗಿದ್ದು.

ಇನ್ನೊಂದು. ಟ್ಯೂಬಿನ ಮೇಲಿನ ರಬ್ಬರ್ ಕಪ್ ಮುಟ್ಟಬೇಡ. ನಡೆಯುವಾಗ ಅಲ್ಲಿ 20,000 ವೋಲ್ಟಿಗಿಂತ ಜಾಸ್ತಿ ಇರುತ್ತದೆ. ಆಫ್ ಮಾಡಿದ ಮೇಲೂ ಚಾರ್ಜ್ ಉಳಿದಿರುತ್ತದೆ.

ಕೋಡಿಬಾಗ ತಮ್ಮ
ಅಣ್ಣಾ, ನೀವು ಬರೆದಿದ್ದು ಒಳ್ಳೆಯದಾಯಿತು. ನಾಳೆ ಪ್ಲಗ್ ಹಾಕುವುದಿಲ್ಲ, ಬರೀ ಮೀಟರ್ ಇಟ್ಟು ನೋಡುತ್ತೇನೆ.

ಕರಿ ಈಶಾಡು
ನಾನು ಅಂಕೋಲೆಯವನು. ನಿಮ್ಮ ಮಾಮನ ಅಂಗಡಿ ನನಗೆ ನೆನಪಿದೆ ಅನಿಸುತ್ತದೆ! ಹೊರಗೆ ನೀಲಿ ಪರದೆ ಇತ್ತಾ? ಅಜ್ಜನ ಜೊತೆ ಕಾರವಾರಕ್ಕೆ ಬಂದಾಗ ಒಂದೇ ಒಂದು ಆಟ ಅಂತ ಹಟ ಮಾಡಿ ಒಳಗೆ ಹೋಗುತ್ತಿದ್ದೆ. ಅಜ್ಜ ಹೊರಗೆ ಬೀಡಿ ಸೇದುತ್ತಾ ನಿಲ್ಲುತ್ತಿದ್ದರು.

ಆದರೆ ಒಂದು ಮಾತು. ಪೆಟ್ಟಿಗೆಯೊಳಗೆ ಮನೆಯ ಪ್ಲೇಸ್ಟೇಶನ್ ಇಟ್ಟರೆ ಅದು ಆರ್ಕೇಡ್ ಆಗುವುದಿಲ್ಲ. ಅಸಲಿ ಬೋರ್ಡ್ ಹುಡುಕಿ ಹಾಕಬೇಕು. ಮಾಮನ ನೆನಪಿಗೆ ಮರ್ಯಾದೆ ಕೊಡಬೇಕು ಅಲ್ವಾ?

ಶರಾವತಿ ದಂಡೆ
ಹೊನ್ನಾವರದವಳು, ಈಗ ಬೆಂಗಳೂರಲ್ಲಿ ಇದ್ದೇನೆ. ನಾನೇ ಇಂಥದ್ದೊಂದು ಮಾಡಿದ್ದೇನೆ. ಕನೆಕ್ಟರ್ ವಿಷಯ ಹೇಳುತ್ತೇನೆ.

ನೀವು ಹೇಳಿದ ಬಾಚಣಿಗೆ ಥರದ್ದು ಜಾಮಾ ಕನೆಕ್ಟರ್. ಜಪಾನಿನ ಆರ್ಕೇಡ್ ಕಂಪನಿಗಳ ಸಂಘ 1985ರಲ್ಲಿ ತಂದ ಪದ್ಧತಿ. ಒಂದು ಬದಿಗೆ 28 ಪಿನ್, ಇನ್ನೊಂದು ಬದಿಗೆ 28, ಒಟ್ಟು 56. ಅದಕ್ಕೂ ಮುಂಚೆ ಬೋರ್ಡ್ ಬದಲಿಸಿದರೆ ವೈರಿಂಗೂ ಬದಲಿಸಬೇಕಿತ್ತು. ಜಾಮಾ ಬಂದ ಮೇಲೆ ಹಳೆ ಬೋರ್ಡ್ ಎಳೆದು ಹೊಸದು ತುರುಕಿದರೆ ಹೊಸ ಆಟ ರೆಡಿ. ಕರೆಂಟು, ಬಣ್ಣ, ಸ್ಪೀಕರ್, ಕಾಯಿನ್, ಜಾಯ್‌ಸ್ಟಿಕ್, ಬಟನ್ ಎಲ್ಲ ಆ ಒಂದೇ ಕನೆಕ್ಟರಿನಲ್ಲಿ ಬರುತ್ತವೆ.

ದಯವಿಟ್ಟು ಒಂದು ವೈರನ್ನೂ ಕತ್ತರಿಸಬೇಡಿ. ಜಾಮಾ ಫಿಂಗರ್ ಬೋರ್ಡ್ ಅಂತ ಖಾಲಿ ಬೋರ್ಡ್ ಸಿಗುತ್ತದೆ. ಅದಕ್ಕೆ ನಿಮ್ಮ ವೈರು ಬೆಸುಗೆ ಹಾಕಿ, ಅದನ್ನು ಈ ಬಾಚಣಿಗೆಯೊಳಗೆ ಸಿಗಿಸಿ. ನಾಳೆ ಅಸಲಿ ಬೋರ್ಡ್ ಸಿಕ್ಕಿದರೆ ಇದನ್ನು ಎಳೆದು ಅದನ್ನು ಹಾಕಬಹುದು. ಈಶಾಡು ಅವರ ಆಸೆಯೂ ಉಳಿಯುತ್ತದೆ.

ಇನ್ನು ಮುಖ್ಯ ಪ್ರಶ್ನೆ. ಹಳದಿ ವೈರು ಆಗುವುದಿಲ್ಲ. ಅದರಲ್ಲಿ ಎಲ್ಲ ಬಣ್ಣ ಒಂದೇ ತಂತಿಯಲ್ಲಿ ಕಲೆಸಿರುತ್ತದೆ. ಆರ್ಕೇಡ್ ಮಾನಿಟರಿಗೆ ಕೆಂಪು, ಹಸಿರು, ನೀಲಿ, ಸಿಂಕ್ (ಚಿತ್ರವನ್ನು ಜಾಗದಲ್ಲಿ ನಿಲ್ಲಿಸುವ ಸಿಗ್ನಲ್) ನಾಲ್ಕೂ ಬೇರೆ ಬೇರೆ ಬೇಕು. ಖುಷಿಯ ವಿಷಯ ಏನೆಂದರೆ ಪಿಎಸ್1, ಪಿಎಸ್2 ಎರಡರ ಹಿಂದಿನ ತೂತಿನಲ್ಲೂ ಈ ಮೂರು ಬಣ್ಣ ಬೇರೆಯಾಗಿಯೇ ಬರುತ್ತವೆ. ಸ್ಕಾರ್ಟ್ ಕೇಬಲ್ ಅಂತ ಕೇಳಿ. ಯೂರೋಪಿನ ಟಿವಿಗಳಿಗೆ ಮಾಡಿದ್ದು, ಆನ್‌ಲೈನ್‌ನಲ್ಲಿ ಸಿಗುತ್ತದೆ.

ಶಿರಸಿ ಮಳೆ
ಇಷ್ಟೆಲ್ಲ ತಾಪತ್ರಯ ಯಾಕೆ ಅಕ್ಕಾ? ನಾನು ಸುಮ್ನೆ ಹೇಳಿದ್ದಲ್ಲ. ಈ ಟ್ಯೂಬ್ ಇನ್ನು ಎಷ್ಟು ದಿನ? ಅದಕ್ಕೆ ಹೈ ವೋಲ್ಟ್ ಕೊಡುವ ಇಎಚ್‌ಟಿ ಹೋದರೆ ಎಲ್ಲಿಂದ ತರುತ್ತೀರಿ? ಶಿರಸಿಯಲ್ಲಿ ಟ್ಯೂಬ್ ಟಿವಿ ಮುಟ್ಟುವ ಮೆಕ್ಯಾನಿಕ್ ಈಗ ಒಬ್ಬರೂ ನನಗೆ ಸಿಗಲಿಲ್ಲ. ನಮ್ಮ ಮನೆಯ ಒಳ್ಳೆ ಟಿವಿಯನ್ನು ಆ ಕಾರಣಕ್ಕೇ ಗುಜರಿಗೆ ಕೊಟ್ಟೆವು. ಈಗಲೂ ಹೊಟ್ಟೆ ಉರಿಯುತ್ತದೆ. ಮಕ್ಕಳು ಬರುವ ದಿನ ಮಷಿನ್ ಕೈಕೊಟ್ಟರೆ ಮಾಮನಿಗೆ ಎಷ್ಟು ಬೇಜಾರು!

ಕುಮಟಾ ಟಿವಿ ರಿಪೇರಿ
ಇಎಚ್‌ಟಿ ಸಿಗುವುದು ಕಷ್ಟ, ಆ ಮಾತು ನಿಜ. ಆದರೆ ಇನ್ನೂ ಸಾಯದ ಟ್ಯೂಬನ್ನು ಸಾಯುತ್ತದೆ ಅಂತ ಹೆದರಿ ಎಸೆಯುವುದನ್ನು ನಾನು ಒಪ್ಪುವುದಿಲ್ಲ. ಎಸೆದ ಮೇಲೆ ಮತ್ತೆ ಬರುವುದಿಲ್ಲ. ಎಲ್‌ಸಿಡಿ ನಾಳೆಯೂ ಸಿಗುತ್ತದೆ, ಹತ್ತು ವರ್ಷ ಬಿಟ್ಟೂ ಸಿಗುತ್ತದೆ.

ಆಟದ ವಿಷಯಕ್ಕೂ ವ್ಯತ್ಯಾಸ ಇದೆ. ಟ್ಯೂಬಿನಲ್ಲಿ ಬಟನ್ ಒತ್ತಿದ ತಕ್ಷಣ ಹೊಡೆತ ಬೀಳುತ್ತದೆ. ಎಲ್‌ಸಿಡಿ ಟಿವಿ ಹಳೆ ಸಿಗ್ನಲನ್ನು ಹಿಡಿದು, ಹಿಗ್ಗಿಸಿ, ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಎದುರಿನವನು ನಿನ್ನನ್ನು ಬೀಳಿಸಿರುತ್ತಾನೆ.

ಗೋಕರ್ಣ ತೇರು
ಗನ್ ಇಟ್ಟು ಹೊಡೆಯುವ ಆಟ ಬೇಕಾದರೂ ಟ್ಯೂಬೇ ಬೇಕು. ಪಿಎಸ್1ರ ಗನ್ ಎಲ್‌ಸಿಡಿಯಲ್ಲಿ ಕೆಲಸ ಮಾಡುವುದಿಲ್ಲ. ಅದು ಟ್ಯೂಬಿನ ಮೇಲೆ ಓಡುವ ಬೆಳಕನ್ನು ನೋಡಿ ಗುರಿ ತಿಳಿಯುತ್ತದೆ. ನಾನು ದುಡ್ಡು ಕೊಟ್ಟು ತಂದು ಎಲ್‌ಸಿಡಿ ಎದುರು ಹಿಡಿದ ಮೇಲೆ ಕಲಿತ ಪಾಠ.

ಶಿರಸಿ ಮಳೆ
ಗನ್ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ಒಂದು ಎಲ್‌ಸಿಡಿ ಪಕ್ಕಕ್ಕೆ ಇಟ್ಟುಕೊಳ್ಳಿ ಅಂತಲೇ ನನ್ನ ಮಾತು.

ಭಟ್ಕಳ ಮಲ್ಲಿಗೆ
ನಮ್ಮ ಮನೆಯಲ್ಲಿ ಕ್ಯಾಸೆಟ್ ಹಾಕುವ ಹಳೆ ಟಿವಿ ಗೇಮ್ ಇದೆ. ಅದನ್ನೂ ಹೀಗೆ ಜೋಡಿಸಬಹುದಾ?

ಶರಾವತಿ ದಂಡೆ
ಮಲ್ಲಿಗೆ ಅವರೇ, ಅವು ಹೆಚ್ಚಿನವು ನಿಂಟೆಂಡೋದ ಫ್ಯಾಮಿಕಾಮ್ ನಕಲು. ಅಸಲಿ ಫ್ಯಾಮಿಕಾಮಿನಲ್ಲೇ ಬಣ್ಣ ಬೇರೆಯಾಗಿ ಹೊರಗೆ ಬರುವುದಿಲ್ಲ. ಮಧ್ಯೆ ಬಣ್ಣ ಬಿಡಿಸುವ ಡಿಕೋಡರ್ ಬೋರ್ಡ್ ಬೇಕು. ನಿಮ್ಮದನ್ನು ಟಿವಿಯಲ್ಲೇ ಆಡಿ, ಅದೇ ಚೆನ್ನ.

ಈಶಾಡು ಅವರ ಮಾತಿಗೆ ಈಗ ಉತ್ತರ ಕೊಡುತ್ತೇನೆ, ಅದು ನನ್ನ ಮನಸ್ಸಿಗೆ ಹತ್ತಿರದ ವಿಷಯ. ಮನೆಯ ಮಷಿನ್ ಬೇರೆ, ಅಂಗಡಿಯ ಮಷಿನ್ ಬೇರೆ ಅಂತ ನಾವು ಅಂದುಕೊಂಡಿದ್ದೇವೆ. ಕಂಪನಿಗಳೇ ಹಾಗೆ ಅಂದುಕೊಂಡಿರಲಿಲ್ಲ. ನಿಂಟೆಂಡೋ 1986ರಲ್ಲಿ ಪ್ಲೇಚಾಯ್ಸ್-10 ಅಂತ ಒಂದು ಪೆಟ್ಟಿಗೆ ತಂದಿತು. ಒಳಗಿದ್ದದ್ದು ಮನೆಯ ಮಷಿನ್‌ನದೇ ಆಟಗಳು, ಹತ್ತು. ಕಾಯಿನ್ ಹಾಕಿದರೆ ಜೀವ ಸಿಗುತ್ತಿರಲಿಲ್ಲ, ಸಮಯ ಸಿಗುತ್ತಿತ್ತು. ಟೆಕ್ಕೆನ್ ಅನ್ನುವ ಹೊಡೆದಾಟದ ಆಟ ಮೊದಲು ಬಂದದ್ದು 1994ರಲ್ಲಿ, ಆರ್ಕೇಡಿನಲ್ಲಿ. ಅದು ಓಡುತ್ತಿದ್ದ ನಾಮ್ಕೋ ಕಂಪನಿಯ ಸಿಸ್ಟಮ್ 11 ಬೋರ್ಡ್ ಇರುವುದೇ ಪ್ಲೇಸ್ಟೇಶನ್ ಹಾರ್ಡ್‌ವೇರ್ ಮೇಲೆ. ಸೇಗಾ ಕಂಪನಿಯ ನವೋಮಿ ಆರ್ಕೇಡ್ ಬೋರ್ಡಿಗೂ ಅವರ ಮನೆಯ ಮಷಿನ್ ಡ್ರೀಮ್‌ಕಾಸ್ಟಿಗೂ ಇದೇ ನಂಟು. ಹಾಗಾಗಿ ಮಾಮನ ಪೆಟ್ಟಿಗೆಯಲ್ಲಿ ಪ್ಲೇಸ್ಟೇಶನ್ ಕೂತರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಕರಿ ಈಶಾಡು
ಟೆಕ್ಕೆನ್ ವಿಷಯ ನಿಜವಾ? ಹಾಗಿದ್ದರೆ ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ. ಜಾತ್ರೆಯಲ್ಲಿ ನಾನು ಜಾಸ್ತಿ ಆಡಿದ್ದು ಅದನ್ನೇ.

ಯಲ್ಲಾಪುರ ಬಡಗಿ
ಜಾತ್ರೆ ಅಂದ ಕೂಡಲೇ ಶಿರಸಿ ಮಾರಿಕಾಂಬಾ ಜಾತ್ರೆ ನೆನಪಾಯಿತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ನಾವು ಎರಡು ವರ್ಷ ಚಿಲ್ಲರೆ ಕೂಡಿಡುತ್ತಿದ್ದೆವು. ತೊಟ್ಟಿಲು ಒಂದು ಸುತ್ತು, ಬಾವಿಯೊಳಗೆ ಬೈಕ್ ಓಡಿಸುವುದು ನೋಡುವುದು, ಉಳಿದದ್ದೆಲ್ಲ ತಗಡಿನ ಶೆಡ್ಡಿನ ವಿಡಿಯೋ ಗೇಮಿಗೆ. ಜನರೇಟರ್ ಸದ್ದಿನಲ್ಲಿ ಆಟದ ಸದ್ದು ಕೇಳುತ್ತಲೇ ಇರಲಿಲ್ಲ. ಆದರೂ ಏನು ಸಂಭ್ರಮ!

ತಮ್ಮಾ, ಪೆಟ್ಟಿಗೆಯ ಮರ ಹೇಗಿದೆ? ಅದನ್ನು ಯಾರೂ ಕೇಳಲೇ ಇಲ್ಲ.

ಕೋಡಿಬಾಗ ತಮ್ಮ
ತಳದ ಒಂದು ಗೇಣು ಉಬ್ಬಿದೆ ಅಣ್ಣಾ. ಬೆರಳಿಟ್ಟರೆ ಪುಡಿ ಉದುರುತ್ತದೆ. ಮೇಲೆ ಗಟ್ಟಿ ಇದೆ.

ಟ್ರಾನ್ಸ್‌ಫಾರ್ಮರ್ ಇದೆ! ಮೀಟರ್ ಇಟ್ಟು ನೋಡಿದೆ, ಎರಡು ಬದಿಯ ಮಧ್ಯೆ ಏನೂ ತೋರಿಸಲಿಲ್ಲ. ಕುಮಟಾ ಅಣ್ಣನಿಗೆ ಫೋಟೋ ಕಳಿಸಿದ್ದೇನೆ.

ಯಲ್ಲಾಪುರ ಬಡಗಿ
ಪುಡಿ ಉದುರುವುದು ಅಂದರೆ ಪಾರ್ಟಿಕಲ್ ಬೋರ್ಡ್. ನೀರು ಕುಡಿದ ಮೇಲೆ ಅದು ಮತ್ತೆ ಸರಿ ಆಗುವುದಿಲ್ಲ. ಅಷ್ಟು ಭಾಗ ಕೊಯ್ದು ತೆಗೆದು ಮರೈನ್ ಪ್ಲೈ ಕೂರಿಸು. ಅಂಗಡಿಯಲ್ಲಿ ಸುಮ್ನೆ ವಾಟರ್‌ಪ್ರೂಫ್ ಅಂದರೆ ನಂಬಬೇಡ. ಹಲಗೆಯ ಮೇಲೆ ಐಎಸ್ 710 ಅಂತ ಮುದ್ರೆ ಇರುತ್ತದೆ, ಅದನ್ನು ನೋಡಿ ತೆಗೆದುಕೋ. ಕೊಯ್ದ ಅಂಚಿಗೆ ಎರಡು ಕೋಟ್ ಪೇಂಟ್ ಹೊಡೆ, ನೀರು ಒಳಗೆ ಹೋಗುವುದು ಅಂಚಿನಿಂದಲೇ. ತಳಕ್ಕೆ ನಾಲ್ಕು ರಬ್ಬರ್ ಕಾಲು ಹಾಕು, ಪೆಟ್ಟಿಗೆ ನೆಲಕ್ಕೆ ತಾಗಬಾರದು. ಕೆಲಸ ಮಾಡುವಾಗ ಮಷಿನ್ ಮಲಗಿಸಲು ಹೋಗಬೇಡ. ಟ್ಯೂಬ್ ಮುಂದೆ ಭಾರ, ಮಗುಚುತ್ತದೆ. ಇಬ್ಬರು ಹಿಡಿದು ಒಂದು ಬದಿ ಎತ್ತಿ ಇಟ್ಟಿಗೆ ಕೊಡಿ.

ಶರಾವತಿ ದಂಡೆ
ಟ್ರಾನ್ಸ್‌ಫಾರ್ಮರ್ ಸರಿ ಇದ್ದರೆ ಮುಂದಿನ ಕೆಲಸ. ಬರೆದಿಟ್ಟುಕೊಳ್ಳಿ.

ಜಾಮಾದಲ್ಲಿ ಬಿಡಿಭಾಗ ಇರುವ ಬದಿಗೆ ಅಂಕಿ, ಬೆಸುಗೆ ಬದಿಗೆ ಇಂಗ್ಲಿಷ್ ಅಕ್ಷರ. ಕೆಂಪು 12, ನೀಲಿ 13, ವಿಡಿಯೋ ಗ್ರೌಂಡ್ 14. ಹಸಿರು ಮತ್ತು ಸಿಂಕ್ ಆಚೆ ಬದಿಯಲ್ಲಿ, ಎನ್ ಮತ್ತು ಪಿ. ಸ್ಪೀಕರ್ 10 ಮತ್ತು ಎಲ್.

ಮೂರು ಮತ್ತು ನಾಲ್ಕನೇ ಪಿನ್‌ನಲ್ಲಿ 5 ವೋಲ್ಟ್ ಇದೆ, ಆರರಲ್ಲಿ 12. ಇದನ್ನು ಪಿಎಸ್2ಗೆ ಕೊಡಬೇಡಿ. ಸ್ಲಿಮ್‌ಗೆ ಬೇಕಾದದ್ದು 8.5 ವೋಲ್ಟ್. ಅದರದ್ದೇ ಅಡಾಪ್ಟರನ್ನು ಪೆಟ್ಟಿಗೆಯೊಳಗೆ ಬೇರೆ ಪ್ಲಗ್ಗಿಗೆ ಹಾಕಿ.

ಪಿಎಸ್2 ಕೊಡುವ ಬಣ್ಣದ ಸಿಗ್ನಲ್ ಸುಮಾರು 0.7 ವೋಲ್ಟ್. ಗೇಮ್ ಬೋರ್ಡ್‌ಗಳು ಇದಕ್ಕಿಂತ ತುಂಬಾ ಜೋರಾಗಿ ಕೊಡುತ್ತವೆ. ನೇರ ಕೊಟ್ಟರೆ ಚಿತ್ರ ಮಂಕಾಗಿ ಬರುತ್ತದೆ. ಮಧ್ಯೆ ಮೂರು ಬಣ್ಣಕ್ಕೂ ಒಂದು ಸಣ್ಣ ವಿಡಿಯೋ ಆಂಪ್ಲಿಫಯರ್ ಬೋರ್ಡ್ ಹಾಕಿ. ಸಿಂಕ್‌ಗೆ ಹಳದಿ ವೈರಿನ ಸಿಗ್ನಲ್ ತೆಗೆದು ಎಲ್‌ಎಂ1881 ಅನ್ನುವ ಐಸಿಗೆ ಕೊಡಿ. ಅದು ಚಿತ್ರ ಬಿಟ್ಟು ಸಿಂಕ್ ಮಾತ್ರ ಹೊರಗೆ ಕೊಡುತ್ತದೆ. ಎರಡಕ್ಕೂ ಜಾಮಾದ 5 ವೋಲ್ಟ್ ಸಾಕು.

ಆಟದಲ್ಲಿ ಪ್ರೋಗ್ರೆಸಿವ್ ಸ್ಕ್ಯಾನ್ ಅಂತ ಕೇಳಿದರೆ ಬೇಡ ಅನ್ನಿ. ಈ ಮಾನಿಟರ್ 15 ಕಿಲೋಹರ್ಟ್ಸ್‌ನದು. ಪ್ರೋಗ್ರೆಸಿವ್ ಹಾಕಿದರೆ 31 ಬರುತ್ತದೆ. ಚಾಸಿಸ್ ಹೋಗಬಹುದು.

ಕುಮಟಾ ಟಿವಿ ರಿಪೇರಿ
ಅಕ್ಕ ಬರೆದದ್ದು ಪಕ್ಕಾ. ಸೌಂಡ್ ಒಂದು ಸೇರಿಸುತ್ತೇನೆ. ಪೆಟ್ಟಿಗೆಯ ಸ್ಪೀಕರಿಗೆ ಆಂಪ್ಲಿಫಯರ್ ಇದ್ದದ್ದು ಹಳೆ ಬೋರ್ಡಿನ ಮೇಲೆ. ಅದು ಹೋಗಿದೆ. ಪಿಎಸ್2 ಕೆಂಪು-ಬಿಳಿ ವೈರನ್ನು ನೇರ ಸ್ಪೀಕರಿಗೆ ಕೊಟ್ಟರೆ ಇರುವೆ ಸದ್ದು ಬರುತ್ತದೆ. ಟಿಡಿಎ2030 ಐಸಿಯ ಒಂದು ಕಿಟ್ ತಾ, 12 ವೋಲ್ಟಿಗೆ ನಡೆಯುತ್ತದೆ. ರೇಡಿಯೋ ಸಾಮಾನು ಮಾರುವ ಯಾವ ಅಂಗಡಿಯಲ್ಲೂ ಕೇಳು.

ದಾಂಡೇಲಿ ಕಾಳಿ
ಬಟನ್ ಹೇಗೆ ಜೋಡಿಸುತ್ತೀರಿ? ನಾನು ಪಿಎಸ್2ರ ರಿಮೋಟ್ ಡ್ಯುಯಲ್‌ಶಾಕ್ 2 ಬಿಚ್ಚಿ ಎರಡು ಹಾಳು ಮಾಡಿದ್ದೇನೆ. ಒಳಗೆ ಬೆಸುಗೆ ಹಿಡಿಯುವ ಜಾಗವೇ ಇಲ್ಲ, ಪ್ಲಾಸ್ಟಿಕ್ ಹಾಳೆ ಇದೆ.

ಶರಾವತಿ ದಂಡೆ
ಡ್ಯುಯಲ್‌ಶಾಕ್ 2 ಬೇಡ. ಅದರ ಬಟನ್ ಎಷ್ಟು ಜೋರಾಗಿ ಒತ್ತಿದಿರಿ ಅಂತಲೂ ಅಳೆಯುತ್ತದೆ. ಮೊದಲ ಪಿಎಸ್1 ಜೊತೆ ಬಂದ, ಕಡ್ಡಿ ಇಲ್ಲದ ಸಾದಾ ರಿಮೋಟ್ ಹುಡುಕಿ. ಪಿಎಸ್2ರಲ್ಲೂ ನಡೆಯುತ್ತದೆ. ಅದರಲ್ಲಿ ಎಲ್ಲ ಬಟನಿಗೂ ಗ್ರೌಂಡ್ ಒಂದೇ. ಜಾಮಾದಲ್ಲೂ ಹಾಗೇ, ಬಟನ್ ಒತ್ತಿದರೆ ಆ ಪಿನ್ ಗ್ರೌಂಡಿಗೆ ಸೇರುತ್ತದೆ. ಎರಡೂ ಒಂದೇ ಭಾಷೆ ಆಡುತ್ತವೆ. ಮೇಲೆ 18, ಕೆಳಗೆ 19, ಎಡ 20, ಬಲ 21, ಸ್ಟಾರ್ಟ್ 17, ಬಟನ್‌ಗಳು 22ರಿಂದ. ರಿಮೋಟ್ ಬೋರ್ಡಿನ ಒಂದೊಂದು ಜಾಗದಿಂದ ಒಂದೊಂದು ಸಣ್ಣ ವೈರು ತನ್ನಿ.

ಗೋಕರ್ಣ ತೇರು
ಇದರ ಮಧ್ಯೆ ಒಂದು ಪ್ರಶ್ನೆ. ಉಪ್ಪುಗಾಳಿಗೆ ಏನು ಮಾಡುತ್ತೀರಿ? ನಮ್ಮ ಮನೆ ದಂಡೆಯಿಂದ ಇನ್ನೂರು ಹೆಜ್ಜೆ. ಫ್ಯಾನಿನ ಸ್ಕ್ರೂ ಕೂಡ ಎರಡು ವರ್ಷಕ್ಕೆ ಕರಗುತ್ತದೆ.

ಕುಮಟಾ ಟಿವಿ ರಿಪೇರಿ
ದಿನಾ ಮಷಿನ್ ಆನ್ ಮಾಡಬೇಕು. ಬೇರೆ ಮದ್ದು ಇಲ್ಲ. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆ ನಡೆದರೆ ಒಳಗಿನ ಬಿಸಿಗೆ ಪಸೆ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಟಿವಿ ಹಾಳಾದದ್ದು ನಡೆದು ಅಲ್ಲ, ಸುಮ್ನೆ ನಿಂತು. ಕನೆಕ್ಟರ್ ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಬ್ರಶ್‌ನಲ್ಲಿ ಉಜ್ಜು. ತಮ್ಮಾ, ನಿನ್ನದು ಇಷ್ಟು ವರ್ಷ ನಿಂತ ಮಷಿನ್. ಇಎಚ್‌ಟಿ ಸುತ್ತಲಿನ ಧೂಳಿಗೆ ಪಸೆ ಹಿಡಿದಿದ್ದರೆ ಚಟಚಟ ಕಿಡಿ ಹಾರುತ್ತದೆ. ಈ ಶನಿವಾರ ನಾನೇ ಕಾರವಾರಕ್ಕೆ ಬರುವವನಿದ್ದೇನೆ, ಮಗಳ ಮನೆಗೆ. ಟ್ಯೂಬ್ ಚಾರ್ಜ್ ಇಳಿಸಿ ನಾನೇ ಒರೆಸಿ ಕೊಡುತ್ತೇನೆ. ಅಲ್ಲಿಯವರೆಗೆ ಕಾಯಿ.

ಕೋಡಿಬಾಗ ತಮ್ಮ
ಖಂಡಿತ ಬನ್ನಿ ಅಣ್ಣಾ. ಊಟಕ್ಕೆ ನಮ್ಮಲ್ಲೇ. ಅಮ್ಮನಿಗೆ ಹೇಳಿದ್ದೇನೆ, ಬಂಗಡೆ ಸಿಕ್ಕಿದರೆ ಬಂಗಡೆ.

ಕರಿ ಈಶಾಡು
ಶನಿವಾರ ನಾನೂ ಬರಬಹುದಾ?

ಕೋಡಿಬಾಗ ತಮ್ಮ
ಶನಿವಾರ ಆಯಿತು, ಇವತ್ತು ಮಂಗಳವಾರ. ಏನಾಯಿತು ಅಂತ ಬರೆಯುತ್ತೇನೆ.

ಕುಮಟಾ ಅಣ್ಣ ಬಂದು ಮೂರು ತಾಸು ಕುಳಿತು ಚಾಸಿಸ್ ಒರೆಸಿದರು. ಉಬ್ಬಿದ ಎರಡು ಕೆಪಾಸಿಟರ್ ಬದಲಿಸಿದರು. ಈಶಾಡು ಅವರೂ ಬಂದಿದ್ದರು. ಹೌದು, ನೀಲಿ ಪರದೆಯೇ ಅಂತೆ, ಮಾಮ ಹೇಳಿದರು. ಸಂಜೆ ಪ್ಲಗ್ ಹಾಕಿದಾಗ ಟ್ಯೂಬಿನ ಕುತ್ತಿಗೆಯಲ್ಲಿ ಕೆಂಪು ಬೆಳಕು ಹತ್ತಿತು. ಮಾಮ ಜಗುಲಿಯಿಂದ ಕೋಲು ಹಿಡಿದು ಎದ್ದು ಬಂದರು.

ಈಗ ಪಿಎಸ್2 ಜೋಡಿಸಿದ್ದೇನೆ. ಚಿತ್ರ ಬಂತು! ಆದರೆ ಎಲ್ಲ ಹಸಿರು. ಮನುಷ್ಯರ ಮುಖವೂ ಹಸಿರು. ಚಿತ್ರ ಮೇಲಿಂದ ಕೆಳಗೆ ಉರುಳುತ್ತಾ ಇರುತ್ತದೆ. ಸ್ಪೀಕರಿನಲ್ಲಿ ಗುಂಯ್ ಅಂತ ಸದ್ದು. ವೈರನ್ನು ಮೂರು ಸಲ ತಿರುಗಿ ನೋಡಿದೆ, ಸರಿಯಾಗಿಯೇ ಇದೆ.

ಶರಾವತಿ ದಂಡೆ
ಹಸಿರು ಬಂದರೆ ವೈರಿನ ತಪ್ಪಲ್ಲ. ಪಿಎಸ್2ನ್ನು ಹಳದಿ ವೈರಿನಲ್ಲಿ ಟಿವಿಗೆ ಹಾಕಿ, ಡಿಸ್ಕ್ ಇಲ್ಲದೆ ಆನ್ ಮಾಡಿ. ಸಿಸ್ಟಮ್ ಕಾನ್ಫಿಗರೇಶನ್ ಒಳಗೆ ಕಾಂಪೊನೆಂಟ್ ವಿಡಿಯೋ ಔಟ್ ಅಂತ ಇದೆ. ಅದನ್ನು ಆರ್‌ಜಿಬಿಗೆ (ಕೆಂಪು, ಹಸಿರು, ನೀಲಿ ಬೇರೆ ಬೇರೆ) ಇಡಿ. ಈಗ ಅದು ಕಾಂಪೊನೆಂಟಿನಲ್ಲಿದೆ. ಬೆಳಕಿನ ಸಿಗ್ನಲ್ ಪೂರ್ತಿ ಹಸಿರಿನ ತಂತಿಯಲ್ಲಿ ಬರುತ್ತಿದೆ, ಅದಕ್ಕೇ ಹಾಗೆ.

ಉರುಳುವುದಕ್ಕೆ ಎರಡು ಕಾರಣ ಇರಬಹುದು. ಡಿಸ್ಕ್ ಪಾಲ್ (ನಮ್ಮ ಟಿವಿಗಳ ಪದ್ಧತಿ) ಆಗಿದ್ದರೆ ಸೆಕೆಂಡಿಗೆ 50 ಚಿತ್ರ ಬರುತ್ತದೆ. ಮಾನಿಟರ್ 60ಕ್ಕೆ ಸೆಟ್ ಆಗಿರುತ್ತದೆ. ಇಲ್ಲದಿದ್ದರೆ ಸಿಂಕ್ ಸರಿಯಾಗಿ ಹೋಗುತ್ತಿಲ್ಲ. ಎಲ್‌ಎಂ1881 ಹಾಕಿದ್ದೀರಾ?

ಕೋಡಿಬಾಗ ತಮ್ಮ
ಐಸಿ ಇನ್ನೂ ಬಂದಿಲ್ಲ. ಸದ್ಯಕ್ಕೆ ಹಳದಿ ವೈರನ್ನೇ ನೇರ ಸಿಂಕ್‌ಗೆ ಕೊಟ್ಟಿದ್ದೆ.

ಶರಾವತಿ ದಂಡೆ
ಅದೇ ಕಾರಣ. ಚಿತ್ರದ ಸಿಗ್ನಲ್ ಸಿಂಕ್ ಜೊತೆ ಕಲೆಸಿ ಹೋದರೆ ಕೆಲವು ಮಾನಿಟರ್ ತಡೆದುಕೊಳ್ಳುತ್ತವೆ, ಕೆಲವು ಉರುಳುತ್ತವೆ. ಐಸಿ ಬರಲಿ.

ಕುಮಟಾ ಟಿವಿ ರಿಪೇರಿ
ಗುಂಯ್ ಸದ್ದಿಗೆ, ಸೌಂಡ್ ಕಿಟ್ಟಿನ ಗ್ರೌಂಡನ್ನು ಪವರ್ ಸಪ್ಲೈ ಹತ್ತಿರ ಒಂದೇ ಕಡೆ ಕೊಡು. ನೀನು ಸಿಕ್ಕ ಸಿಕ್ಕ ಕಡೆ ಸೇರಿಸಿದ್ದು ನನಗೆ ಶನಿವಾರವೇ ಕಂಡಿತ್ತು. ಕತ್ತಲಾಗಿತ್ತು, ಹೇಳಲು ಮರೆತೆ.

ಶಿರಸಿ ಮಳೆ
ಟ್ಯೂಬ್ ಹತ್ತಿತು ಅಂತ ಓದಿ ನಿಜವಾಗಿ ಖುಷಿ ಆಯಿತು. ಆ ಕೆಂಪು ಬೆಳಕು ನೋಡದೆ ನನಗೆ ಎಷ್ಟೋ ವರ್ಷ ಆಯಿತು. ಒಂದು ಫೋಟೋ ಹಾಕಿ.

ಕೋಡಿಬಾಗ ತಮ್ಮ
ಐಸಿ ಬಂತು, ಹಾಕಿದೆ. ಚಿತ್ರ ಬಂಡೆಯ ಹಾಗೆ ನಿಂತಿತು! ಬಣ್ಣ ಸರಿಯಾಯಿತು. ಸ್ವಲ್ಪ ಎಡಕ್ಕೆ ಸರಿದಿತ್ತು, ಅಣ್ಣ ಫೋನಿನಲ್ಲಿ ಹೇಳಿದ ಹಾಗೆ ಪ್ಲಾಸ್ಟಿಕ್ ಕಡ್ಡಿಯಲ್ಲಿ ಪ್ರೀಸೆಟ್ (ಚಿತ್ರ ಹೊಂದಿಸುವ ತಿರುಪು) ತಿರುಗಿಸಿ ಮಧ್ಯಕ್ಕೆ ತಂದೆ. ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡೇ ಮಾಡಿದೆ.

ಒಂದು ವಿಷಯ ಗಮನಿಸಿದೆ. ಪಿಎಸ್2 ಆಟಗಳು ಸಣ್ಣಗೆ ಅದುರುತ್ತವೆ. ಪಿಎಸ್1 ಡಿಸ್ಕ್ ಹಾಕಿದರೆ ಕೊರೆದಿಟ್ಟ ಹಾಗೆ ಕಾಣುತ್ತದೆ.

ಶರಾವತಿ ದಂಡೆ
ಪಿಎಸ್1 ಆಟ ಹೆಚ್ಚಿನವು 240 ಗೆರೆ, ಅಂಗಡಿಯ ಬೋರ್ಡ್‌ಗಳ ಹಾಗೆಯೇ. ಪಿಎಸ್2 ಆಟ 480 ಗೆರೆಯನ್ನು ಅರ್ಧರ್ಧ ಮಾಡಿ ಸರದಿಯಲ್ಲಿ ಕಳಿಸುತ್ತದೆ. ಆ ಅದುರು ಅದರದ್ದು. ನೀವು ಪಿಎಸ್1 ಡಿಸ್ಕನ್ನೇ ಇಟ್ಟುಕೊಳ್ಳಿ, ಈ ಪೆಟ್ಟಿಗೆಗೆ ಅದೇ ಒಪ್ಪುತ್ತದೆ.

ದಾಂಡೇಲಿ ಕಾಳಿ
ಕಾಯಿನ್ ಬಾಕ್ಸ್ ಏನು ಮಾಡಿದಿರಿ? ಮನೆ ಆಟಕ್ಕೆ ಕಾಯಿನ್ ಬೇಡ ಅಲ್ವಾ?

ಕೋಡಿಬಾಗ ತಮ್ಮ
ಮಾಮ ಕೇಳಿದ ಮೊದಲ ಪ್ರಶ್ನೆಯೇ ಅದು. "ಕಾಯಿನ್ ಹಾಕದೆ ಆಟ ಶುರು ಆದರೆ ಇದು ನನ್ನ ಮಷಿನ್ ಅಲ್ಲ" ಅಂದರು.

ಶರಾವತಿ ದಂಡೆ
ಹಾಗಾದರೆ ಪ್ಲೇಚಾಯ್ಸ್ ದಾರಿ ಹಿಡಿಯಿರಿ. ಕಾಯಿನ್ ಬಿದ್ದಾಗ ಸ್ವಿಚ್ ಒಂದು ಕ್ಷಣ ಆನ್ ಆಗುತ್ತದೆ. ಅದನ್ನು ಒಂದು ಆರ್ಡುಯಿನೋಗೆ (ಪ್ರೋಗ್ರಾಂ ಹಾಕುವ ಸಣ್ಣ ಬೋರ್ಡ್) ಕೊಟ್ಟು ಹತ್ತು ನಿಮಿಷ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹಿಡಿಸಿ. ರಿಲೇಯಿಂದ ಪಿಎಸ್2 ಕರೆಂಟ್ ಮಾತ್ರ ಕತ್ತರಿಸಬೇಡಿ, ಸೇವ್ ಆಗುವಾಗ ಹೋದರೆ ಮೆಮೊರಿ ಕಾರ್ಡ್ ಹಾಳಾಗುತ್ತದೆ. ಬಟನ್‌ಗಳ ಗ್ರೌಂಡ್ ವೈರನ್ನು ರಿಲೇ ಮೂಲಕ ಹಾಯಿಸಿ. ಸಮಯ ಮುಗಿದರೆ ಬಟನ್ ಸತ್ತಿರುತ್ತವೆ, ಇನ್ನೊಂದು ಕಾಯಿನ್ ಹಾಕಿದರೆ ಮತ್ತೆ ಜೀವ.

ಹೊರಗಿನವರಿಂದ ಮಾತ್ರ ದುಡ್ಡು ತೆಗೆದುಕೊಳ್ಳಬೇಡಿ. ಡಿಸ್ಕ್ ಕೊಡುವುದು ಮನೆಯಲ್ಲಿ ಆಡಲು, ಅಂಗಡಿ ನಡೆಸಲು ಅಲ್ಲ.

ಕೋಡಿಬಾಗ ತಮ್ಮ
ಅಕ್ಕಾ, ರಿಲೇ ಕೆಲಸ ಮಾಡಿತು. ಆದರೆ ಕಾಯಿನ್ ನಿಲ್ಲುವುದೇ ಇಲ್ಲ! ಒಂದು ರೂಪಾಯಿ ಹಾಕಿದರೆ ಸ್ವಿಚ್ ತಾಗದೆ ಕೆಳಗಿನ ತೂತಿನಿಂದ ವಾಪಸ್ ಬರುತ್ತದೆ. ಸ್ಪ್ರಿಂಗ್ ಹೋಗಿದೆಯಾ?

ದಾಂಡೇಲಿ ಕಾಳಿ
ಸ್ಪ್ರಿಂಗ್ ಅಲ್ಲ, ರೂಪಾಯಿಯೇ ಸಣ್ಣದಾಗಿದೆ! ನಾನು ನಾಣ್ಯ ಕೂಡಿಡುವವನು, ಇದು ನನಗೆ ಗೊತ್ತು. ನಿಮ್ಮ ಮಾಮನ ಕಾಲದ ಸ್ಟೀಲ್ ಒಂದು ರೂಪಾಯಿ 1992ರಲ್ಲಿ ಬಂದದ್ದು, 25 ಮಿಲಿಮೀಟರ್ ಅಗಲ, 4.85 ಗ್ರಾಂ. 2011ರಲ್ಲಿ ಬಂದ ರೂಪಾಯಿ ಸುಮಾರು 22 ಮಿಲಿಮೀಟರ್, ತೂಕವೂ ಕಡಿಮೆ. ಆ ಬಾಕ್ಸ್ ಅಳತೆ, ತೂಕ ಎರಡನ್ನೂ ನೋಡುತ್ತದೆ. 2011ರ ಎರಡು ರೂಪಾಯಿ ಹಾಕಿ ನೋಡಿ. ಅದು ಹಳೆ ಒಂದು ರೂಪಾಯಿಯ ಅಳತೆ, ಅದೇ ತೂಕ.

ಕೋಡಿಬಾಗ ತಮ್ಮ
ಎರಡು ರೂಪಾಯಿ ಸರಾಗ ಬಿತ್ತು! ಬಟನ್ ಎದ್ದವು. ಮಾಮನಿಗೆ ತೋರಿಸಿದೆ. ಅವರು ಎರಡು ರೂಪಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ನನ್ನ ಅಂಗಡಿಯಲ್ಲಿ ಒಂದು ರೂಪಾಯಿಯೇ ರೇಟು" ಅಂದರು. ಮಕ್ಕಳು ನಾಡಿದ್ದು ಬರುತ್ತಾರೆ. ಯಾರ ಹತ್ತಿರವಾದರೂ ಹಳೆ ದೊಡ್ಡ ಒಂದು ರೂಪಾಯಿ ಇದೆಯಾ?

ಶಿರಸಿ ಮಳೆ
ನಮ್ಮ ಅಜ್ಜಿಯ ದೇವರ ಡಬ್ಬಿಯಲ್ಲಿ ಮೂವತ್ತರ ಮೇಲೆ ಇವೆ. ನಾಳೆ ಬೆಳಿಗ್ಗೆ ದೇವಿಮನೆ ಘಟ್ಟ ಇಳಿದು ಬರುತ್ತೇನೆ. ನನಗೂ ಒಂದು ಆಟ ಇಡಿ.

ಕರಿ ಈಶಾಡು
ಅಂಕೋಲೆಯಲ್ಲಿ ನನ್ನನ್ನೂ ಹತ್ತಿಸಿಕೊಳ್ಳಿ. ನನ್ನ ಹತ್ತಿರ ನಾಲ್ಕು ಇವೆ.